ವಾಟ್ಸಾಪ್ ಗ್ರೂಪಿಗೆ ಬದು ಕಟ್ಟುವುದು ಹೇಗೆ?

ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋದವರು ಪ್ರಯೋಗದ ತಾಕುಗಳನ್ನು ನೋಡಿರುತ್ತೀರಿ. ಒಂದೇ ಗದ್ದೆಯನ್ನು ಚಿಕ್ಕ ಚಿಕ್ಕ ತಾಕು ಮಾಡಿ, ಯಾವುದಕ್ಕೆ ಯಾವ ತಳಿ ಅಂತ ಚೀಟಿ ಎತ್ತಿದ ಹಾಗೆ ಹಂಚುತ್ತಾರೆ. ಒಳ್ಳೆ ಮಣ್ಣಿರುವ ಮೂಲೆಗೇ ಹೊಸ ತಳಿ ಹಾಕಿಬಿಟ್ಟರೆ, ಇಳುವರಿ ಜಾಸ್ತಿ ಬಂದದ್ದು ತಳಿಯಿಂದಲೋ ಮಣ್ಣಿನಿಂದಲೋ ಗೊತ್ತಾಗುವುದಿಲ್ಲ, ಅಲ್ವಾ? ಈ ಚೀಟಿ ವಿದ್ಯೆಗೆ ಲೆಕ್ಕದ ಬುನಾದಿ ಹಾಕಿದವರು ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್. 1920ರ ದಶಕದಲ್ಲಿ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ. ಮೈಸೂರಿನಲ್ಲಿ ಕೂತು ನಾನು ಮಾಡುವುದೂ ಇದೇ ಕೆಲಸ. ಭತ್ತದ ಬದಲು ವಾಟ್ಸಾಪ್ ಸುದ್ದಿ, ಅಷ್ಟೇ. ಸುಳ್ಳು ಸುದ್ದಿಯನ್ನು ಜನ ಯಾಕೆ ಕಳಿಸುತ್ತಾರೆ, ಅದನ್ನು ಕಡಿಮೆ ಮಾಡುವುದು ಹೇಗೆ ಅಂತ ಪ್ರಯೋಗ ಮಾಡಿ ನೋಡುತ್ತೇನೆ.

‘ಸುಮ್ನೆ ಜನರನ್ನೇ ಕೇಳಬಹುದಲ್ಲ ಸಾರ್’ ಅನ್ನುತ್ತಾರೆ ವಿದ್ಯಾರ್ಥಿಗಳು. ಕೇಳಿ ನೋಡಿ. ಸುಳ್ಳು ಸುದ್ದಿ ಫಾರ್ವರ್ಡ್ ಮಾಡ್ತೀರಾ ಅಂದರೆ ಯಾರೂ ಹೂಂ ಅನ್ನುವುದಿಲ್ಲ. ಹಾಗಾಗಿ ಬೇರೆ ದಾರಿ ಹಿಡಿಯುತ್ತೇವೆ. ‘ಕೆಆರ್‌ಎಸ್‌ನಲ್ಲಿ ನೀರು 130 ಅಡಿಗೆ’ ಎಂಬ ತಲೆಬರಹ ಇದೆ ಅಂದುಕೊಳ್ಳಿ. ಕಟ್ಟೆಯ ಗರಿಷ್ಠ ಮಟ್ಟ 124.80 ಅಡಿ ಎಂದು ನಮ್ಮ ಕಡೆ ಟೀ ಅಂಗಡಿಯಲ್ಲಿ ಕೂತವರೂ ಹೇಳುತ್ತಾರೆ. ಅರ್ಧ ಜನಕ್ಕೆ ‘ಇದು ನಿಜವಾ?’ ಅಂತ ಕೇಳುತ್ತೇವೆ. ಉಳಿದವರಿಗೆ ‘ಇದನ್ನು ಯಾರಿಗಾದರೂ ಕಳಿಸ್ತೀರಾ?’ ಅಂತ. ಯಾರಿಗೆ ಯಾವ ಪ್ರಶ್ನೆ ಅನ್ನುವ ಚೀಟಿಯನ್ನು ಕಂಪ್ಯೂಟರ್ ಎತ್ತುತ್ತದೆ.

ಸಂಶೋಧಕರಾದ ಗಾರ್ಡನ್ ಪೆನಿಕುಕ್, ಡೇವಿಡ್ ರ‍್ಯಾಂಡ್ ಮತ್ತು ಜೊತೆಗಾರರು ಅಮೆರಿಕದಲ್ಲಿ ಹೀಗೆ ಕೇಳಿದಾಗ ವಿಚಿತ್ರ ಕಂಡಿತು. ನಿಜ ಯಾವುದು, ಸುಳ್ಳು ಯಾವುದು ಅಂತ ಜನ ಸುಮಾರಾಗಿ ಗುರುತಿಸಿದರು. ಕಳಿಸುವ ಮಾತು ಬಂದಾಗ ಮಾತ್ರ ಆ ವ್ಯತ್ಯಾಸ ಅಷ್ಟಾಗಿ ಲೆಕ್ಕಕ್ಕೇ ಬರಲಿಲ್ಲ. ಆ ಗಳಿಗೆಯಲ್ಲಿ ಗಮನ ಬೇರೆಲ್ಲೋ ಇರುತ್ತದೆ. ಆಮೇಲೆ ಟ್ವಿಟರ್‌ನಲ್ಲಿ 5,379 ಜನಕ್ಕೆ ಸಂದೇಶ ಕಳಿಸಿ, ಯಾವುದೋ ಒಂದು ತಲೆಬರಹ ನಿಜವೇ ಎಂದು ಕೇಳಿದರು. ಅದಾದ ಮೇಲೆ ಅವರು ಹಂಚಿದ ಸುದ್ದಿಗಳ ಗುಣಮಟ್ಟ ಸ್ವಲ್ಪ ಸುಧಾರಿಸಿತು. 2021ರಲ್ಲಿ ಪ್ರಕಟವಾದ ಈ ಫಲಿತಾಂಶ ನನಗೆ ಇಷ್ಟ. ಆದರೆ ‘ಸ್ವಲ್ಪ’ ಅನ್ನುವ ಪದವನ್ನು ಯಾರೂ ನುಂಗಬಾರದು.

ನಮ್ಮ ಊರುಗಳಲ್ಲಿ ಕಷ್ಟ ಇನ್ನೊಂದು ಕಡೆ ಇದೆ. ಒಂದು ತಾಕಿನ ಗೊಬ್ಬರ ನೀರಿನ ಜೊತೆ ಪಕ್ಕದ ತಾಕಿಗೆ ಬಸಿದರೆ ಪ್ರಯೋಗ ಕೆಟ್ಟಂತೆ. ಅದಕ್ಕೇ ನಡುವೆ ಬದು. ಮೊದಮೊದಲು ನಾನು ಇದನ್ನು ಮರೆತೆ. ಒಂದು ಕಾಲೇಜಿನಲ್ಲಿ ತರಗತಿಯ ಅರ್ಧ ಹುಡುಗರಿಗೆ ಮಾತ್ರ ‘ಸುಳ್ಳು ಪತ್ತೆ ಹಚ್ಚುವ’ ಸಲಹೆಗಳ ಕಾರ್ಡ್ ಕೊಟ್ಟೆ. ಮಧ್ಯಾಹ್ನ ಊಟದ ಹೊತ್ತಿಗೆ ಆ ಕಾರ್ಡಿನ ಫೋಟೊ ಹಾಸ್ಟೆಲ್ ಗ್ರೂಪಿನಲ್ಲಿತ್ತು. ಫಾರ್ವರ್ಡ್ ಬಗ್ಗೆ ಮಾಡಿದ ಪ್ರಯೋಗವನ್ನು ಫಾರ್ವರ್ಡೇ ಹಾಳು ಮಾಡಿತು! ಈಗ ಒಬ್ಬೊಬ್ಬರಿಗೆ ಚೀಟಿ ಎತ್ತುವುದಿಲ್ಲ. ಇಡೀ ಊರಿಗೆ ಎತ್ತುತ್ತೇವೆ. ಈ ಊರಿಗೆ ಕಾರ್ಡು, ಆ ಊರಿಗೆ ಇಲ್ಲ. ಆದರೂ ಹೆಣ್ಣು ಕೊಟ್ಟು ತಂದ ಊರುಗಳಾದರೆ ಬದು ಸೋರುತ್ತದೆ. ಹಾಗಾಗಿ ದೂರದೂರದ ಊರು ಹುಡುಕಬೇಕು, ಬಸ್ ಖರ್ಚೂ ಜಾಸ್ತಿ.

ತಿಳಿವಳಿಕೆ ಕೊಟ್ಟರೆ ಸಾಕು ಅನ್ನುವವರಿಗೆ ಬಿಹಾರದ ಪ್ರಯೋಗ ತೋರಿಸುತ್ತೇನೆ. 2019ರ ಲೋಕಸಭಾ ಚುನಾವಣೆ ಸಮಯದಲ್ಲಿ ಸಂಶೋಧಕಿ ಸುಮಿತ್ರಾ ಬದ್ರಿನಾಥನ್ ಅವರ ತಂಡ ಮನೆಮನೆಗೆ ಹೋಗಿ, ಸುಳ್ಳು ಸುದ್ದಿ ಗುರುತಿಸುವುದು ಹೇಗೆ ಅಂತ ಸುಮಾರು ಒಂದು ಗಂಟೆ ಪಾಠ ಹೇಳಿತು. ಒಟ್ಟು 1,224 ಜನರ ಅಧ್ಯಯನ. ಪಾಠ ಕೇಳಿದವರು ಒಟ್ಟಾರೆ ಸುಳ್ಳು ಗುರುತಿಸುವುದರಲ್ಲಿ ಮುಂದಾಗಲಿಲ್ಲ. ಫಲ ಕೊಡದ ಇಂಥ ಪ್ರಯೋಗವನ್ನೂ ಪ್ರಕಟಿಸಿದ್ದು ನನ್ನ ಮಟ್ಟಿಗೆ ದೊಡ್ಡ ಉಪಕಾರ. ಇಲ್ಲದಿದ್ದರೆ ನಾವೂ ಅದೇ ಪಾಠ ಹೊತ್ತು ಮದ್ದೂರು, ಮಳವಳ್ಳಿ ಸುತ್ತುತ್ತಿದ್ದೆವು.

ಇನ್ನು ಒಪ್ಪಿಗೆಯ ವಿಷಯ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಬಳಕೆದಾರರ ಫೀಡ್ ಬದಲಿಸಿ, ಖುಷಿಯ ಅಥವಾ ಬೇಸರದ ಪೋಸ್ಟ್‌ಗಳನ್ನು ಕಡಿಮೆ ತೋರಿಸಿತು. ಅವರಿಗೆ ಮುಂಚೆ ಹೇಳಿರಲಿಲ್ಲ. 2014ರಲ್ಲಿ ಅದು ಪ್ರಕಟವಾದಾಗ ಜನ ಸಿಟ್ಟಾದರು, ಆಗಲೇಬೇಕಿತ್ತು. ಗದ್ದೆಯ ಪೈರನ್ನು ಕೇಳಬೇಕಿಲ್ಲ. ಮನುಷ್ಯರನ್ನು ಕೇಳಬೇಕು.

ನಾವು ಮೊದಲೇ ಸಹಿ ತೆಗೆದುಕೊಳ್ಳುತ್ತೇವೆ. ಕೊನೆಗೆ ಯಾವುದು ಸುಳ್ಳು ಅಂತ ಒಂದೊಂದಾಗಿ ಹೇಳುತ್ತೇವೆ. ಪಾಂಡವಪುರದ ಹತ್ತಿರದ ಒಂದು ಹಳ್ಳಿಯಲ್ಲಿ ಹಾಗೆ ಹೇಳುವಾಗ ಒಬ್ಬ ಅಜ್ಜಿ ಬಾಯಿ ಮೇಲೆ ಕೈ ಇಟ್ಟುಕೊಂಡರು. ‘ಅಯ್ಯೋ, ಅದ್ರ ಫೋಟೊ ಹೊಡ್ದು ಮಗಳಿಗೆ ಕಳಿಸ್‌ಬುಟ್ನಲ್ಲಪ್ಪಾ!’ ಅಲ್ಲೇ ಮಗಳಿಗೆ ಫೋನ್ ಹಚ್ಚಿದೆವು. ಅಷ್ಟರಲ್ಲಿ ಅವರು ಅದನ್ನು ಎರಡು ಗ್ರೂಪಿಗೆ ಹಾಕಿ ಆಗಿತ್ತು.