ಕಾರ್ಡ್ ರೀಡರಿನ ಕೆಲಸ ಎಲ್ಲಿಗೆ ಮುಗಿಯುತ್ತದೆ?

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಚೇರಿಗಳಲ್ಲಿ ಕಾರ್ಡ್ ಹಿಡಿದೊಡನೆ ಬಾಗಿಲು ತೆರೆದುಕೊಳ್ಳುವುದನ್ನು ಕಂಡಾಗ, ಗೋಡೆಯ ಮೇಲಿನ ರೀಡರೇ ಅದನ್ನು ತೆರೆಯಿತೆಂದು ಭಾವಿಸುವುದು ಸಹಜ. ಆದರೆ ಸಾಮಾನ್ಯ ವ್ಯವಸ್ಥೆಯಲ್ಲಿ ರೀಡರ್ ಓದಿದ್ದನ್ನು ತಿಳಿಸುತ್ತದೆಯಷ್ಟೆ. ತೀರ್ಮಾನ, ಯಾರಿಗೆ ಅನುಮತಿ ಇದೆಯೆಂಬ ಪಟ್ಟಿಯನ್ನಿಟ್ಟುಕೊಂಡು ಕಟ್ಟಡದ ಒಳಗಿರುವ ಕಂಟ್ರೋಲರ್ ಎಂಬ ನಿಯಂತ್ರಕ ಪೆಟ್ಟಿಗೆಯದು.

ಕಾರ್ಡಿನಲ್ಲಿ ಬ್ಯಾಟರಿ ಇರುವುದಿಲ್ಲ; ಪ್ಲಾಸ್ಟಿಕ್ ಪದರಗಳ ನಡುವೆ ಒಂದು ತಂತಿಸುರುಳಿ ಮತ್ತು ಒಂದು ಚಿಪ್ ಮಾತ್ರ ಇರುತ್ತವೆ. ರೀಡರಿನ ಸುರುಳಿಯ ಸುತ್ತ ಸದಾ ಬದಲಾಗುತ್ತಿರುವ ಕಾಂತಕ್ಷೇತ್ರದೊಳಗೆ ಕಾರ್ಡ್ ಬಂದಾಗ, ಅದರ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. 1902ರಲ್ಲಿ ಮಂಡ್ಯ ಜಿಲ್ಲೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಒದಗಿಸಿದ ಜನರೇಟರುಗಳ ಹಿಂದಿದ್ದುದೂ 1831ರಲ್ಲಿ ಫ್ಯಾರಡೆ ಕಂಡುಕೊಂಡ ಇದೇ ವಿದ್ಯುತ್ಕಾಂತೀಯ ಪ್ರೇರಣೆ. ಅಲ್ಲಿ ಕಾವೇರಿ ಚಕ್ರವನ್ನು ತಿರುಗಿಸಿದಳು, ಇಲ್ಲಿ ತಿರುಗುವ ಭಾಗವೇ ಇಲ್ಲ. ಕಾರ್ಡ್ ಉತ್ತರಿಸುವ ರೀತಿ ಇನ್ನೂ ಸೊಗಸಾದುದು: ಚಿಪ್ ತನ್ನ ಸುರುಳಿಯ ಮೇಲಿನ ಹೊರೆಯನ್ನು ಏರಿಳಿಸಿದಾಗ ರೀಡರಿನ ಸುರುಳಿಯ ವೋಲ್ಟೇಜಿನಲ್ಲಿ ಆಗುವ ಅತಿ ಸಣ್ಣ ವ್ಯತ್ಯಾಸವನ್ನೇ ರೀಡರ್ ಅಂಕಿಗಳಾಗಿ ಓದಿಕೊಳ್ಳುತ್ತದೆ. ಲೋಹದ ಚೌಕಟ್ಟಿನ ಮೇಲೆ ನೇರವಾಗಿ ಕೂರಿಸಿದ ರೀಡರಿನ ವ್ಯಾಪ್ತಿ ಕುಗ್ಗುವುದು, ಲೋಹವು ಈ ಕ್ಷೇತ್ರದ ಶಕ್ತಿಯನ್ನು ತಾನೇ ಹೀರಿಕೊಳ್ಳುವುದರಿಂದ.

125 ಕಿಲೋಹರ್ಟ್ಸ್‌ನ ಹಳೆಯ ಮಾದರಿಯ ಕಾರ್ಡುಗಳಲ್ಲಿ ಬಹುಪಾಲು ಒಂದು ಸಂಖ್ಯೆಯನ್ನು ಮಾತ್ರ ಯಾರು ಕೇಳಿದರೂ ಹೇಳಿಬಿಡುತ್ತವೆ. ಆದ್ದರಿಂದ ಅವುಗಳ ನಕಲು ಸುಲಭ. 13.56 ಮೆಗಾಹರ್ಟ್ಸ್‌ನ ಉತ್ತಮ ಕಾರ್ಡುಗಳಲ್ಲಿ ರೀಡರ್ ಪ್ರತಿಸಲವೂ ಹೊಸ ಯಾದೃಚ್ಛಿಕ ಸಂಖ್ಯೆಯನ್ನು ಕೊಡುತ್ತದೆ, ಕಾರ್ಡ್ ತನ್ನೊಳಗಿನ ಗುಪ್ತ ಕೀಲಿಯನ್ನು ಹೊರಗೆಡಹದೆ ಅದರಿಂದ ಲೆಕ್ಕಹಾಕಿದ ಉತ್ತರವನ್ನಷ್ಟೇ ಹಿಂದಿರುಗಿಸುತ್ತದೆ. ಇದೇ 13.56 ಮೆಗಾಹರ್ಟ್ಸ್‌ನ ಮೈಫೇರ್ ಕ್ಲಾಸಿಕ್ ಎಂಬ ಕಾರ್ಡಿನ ಗೂಢಲಿಪಿಯ ದೌರ್ಬಲ್ಯ 2008ರಲ್ಲೇ ಬಯಲಾದ ಕಾರಣ, ಎಇಎಸ್ ಎಂಬ ಬಲವಾದ ಗೂಢಲಿಪಿ ಬಳಸುವ ಕಾರ್ಡುಗಳೇ ಇಂದು ಸರಿಯಾದ ಆಯ್ಕೆ. ಇಷ್ಟಾದರೂ ಅಂತಹ ಕಾರ್ಡುಗಳನ್ನು ಕೊಂಡು, ಕೀಲಿಯನ್ನು ಪರೀಕ್ಷಿಸದೆ, ಬಹಿರಂಗ ಕ್ರಮಸಂಖ್ಯೆಯನ್ನು ಮಾತ್ರ ಓದುವಂತೆ ರೀಡರನ್ನು ಹೊಂದಿಸಿದರೆ ಖರ್ಚು ಮಾಡಿದ ಹಣವೆಲ್ಲ ವ್ಯರ್ಥ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯ ಅಂಶ ಇದೇ.

ರೀಡರಿನಿಂದ ಕಂಟ್ರೋಲರಿಗೆ ಹೋಗುವ ತಂತಿಯನ್ನೂ ಗಮನಿಸಬೇಕು. ವೀಗಾಂಡ್ ಎಂಬ ಹಳೆಯ ಸಂವಹನ ಪದ್ಧತಿಯಲ್ಲಿ ಎರಡು ತಂತಿಗಳ ಪೈಕಿ ಒಂದರ ಮಿಡಿತ ಸೊನ್ನೆಯನ್ನೂ ಇನ್ನೊಂದರ ಮಿಡಿತ ಒಂದನ್ನೂ ಸೂಚಿಸುತ್ತದೆ. ಇಂತಹ ಒಂದೊಂದು ಸೊನ್ನೆ ಅಥವಾ ಒಂದೂ ಒಂದು ಬಿಟ್; ಪ್ರಚಲಿತ 26 ಬಿಟ್‌ಗಳ ವಿನ್ಯಾಸದಲ್ಲಿ 8 ಬಿಟ್ ಕಾರ್ಡ್ ಯಾವ ಸಂಸ್ಥೆಯದೆಂದು ಹೇಳುವ ಸ್ಥಳಸಂಕೇತಕ್ಕೆ, 16 ಬಿಟ್ ಕಾರ್ಡ್ ಸಂಖ್ಯೆಗೆ, ಉಳಿದೆರಡು ದೋಷ ಪತ್ತೆಗೆ ಮೀಸಲು. ಇದರಲ್ಲಿ ಗೂಢಲಿಪಿ ಇಲ್ಲ. ಆರ್‌ಎಸ್-485 ಎಂಬ ಬಗೆಯ ತಂತಿ ಸಂಪರ್ಕದ ಮೇಲೆ ನಡೆಯುವ ಹೊಸ ಓಎಸ್‌ಡಿಪಿ ಪದ್ಧತಿಯಲ್ಲಿ ಸಂದೇಶವನ್ನು 128 ಬಿಟ್ ಕೀಲಿಯ ಎಇಎಸ್‌ನಿಂದ ರಕ್ಷಿಸಬಹುದು.

ಕಂಟ್ರೋಲರ್ ಆ ಸಂಖ್ಯೆಗೆ ಆ ಬಾಗಿಲಲ್ಲಿ, ಆ ಹೊತ್ತಿನಲ್ಲಿ ಅನುಮತಿ ಇದೆಯೇ ಎಂದು ಪರಿಶೀಲಿಸಿ, ಇದ್ದರೆ ಬೀಗದ ವಿದ್ಯುತ್ತನ್ನು ನಿಯಂತ್ರಿಸುವ ಸ್ವಿಚ್ಚಾದ ರಿಲೇಯನ್ನು ಚಾಲೂ ಮಾಡುತ್ತದೆ. ರಿಲೇಯೂ ಹೊರಗಿನ ರೀಡರಿನಲ್ಲೇ ಇರುವ ಅಗ್ಗದ ಸಾಧನಗಳಲ್ಲಿ, ಪೆಟ್ಟಿಗೆಯನ್ನು ಕಿತ್ತು ತಂತಿಗಳನ್ನು ತಲುಪಿದವನು ಕಾರ್ಡಿಲ್ಲದೆಯೇ ಬಾಗಿಲು ತೆರೆಯಬಲ್ಲ. ಮುಖ್ಯದ್ವಾರಕ್ಕೆ ಅವು ತಕ್ಕವಲ್ಲ. ವಿದ್ಯುತ್ಕಾಂತ ಬೀಗವು ವಿದ್ಯುತ್ ಹೋದರೆ ಬಿಟ್ಟುಕೊಳ್ಳುತ್ತದೆ. ಬೆಂಕಿಯಂತಹ ಸಂದರ್ಭದಲ್ಲಿ ಜನರು ಹೊರಬರಲು ಈ ಗುಣ ಅಗತ್ಯ, ಆದರೆ ಕರೆಂಟ್ ಹೋದ ರಾತ್ರಿ ಬಾಗಿಲು ಭದ್ರವಾಗಿರಲು ಬ್ಯಾಟರಿಯ ಬೆಂಬಲವೂ ಅಷ್ಟೇ ಅಗತ್ಯ.