ಜಿಂಕೆಗೆ ಯಾವ ಗುಂಡು? ತಲುಪುವ ವೇಗವನ್ನು ಮೊದಲು ಕೇಳಿ

ತಗುಲಿದೊಡನೆ ಮೂತಿ ಅರಳುವ ಗುಂಡನ್ನು 1899ರ ಹೇಗ್ ಘೋಷಣೆ ಯುದ್ಧದಿಂದ ನಿಷೇಧಿಸಿತು. ಅಂಥದೇ ಗುಂಡನ್ನು ಜಿಂಕೆ ಬೇಟೆಗೆ ಬಳಸಲೇಬೇಕೆಂದು ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ಅಮೆರಿಕದ ಹಲವು ರಾಜ್ಯಗಳ ಕಾನೂನು ಹೇಳುತ್ತದೆ. ಗಾಯಗೊಂಡ ಸೈನಿಕನನ್ನು ಹೊತ್ತೊಯ್ಯಲು ಸ್ಟ್ರೆಚರ್ ಬರುತ್ತದೆ, ಡಾಕ್ಟರು ಇರುತ್ತಾರೆ. ಗಾಯಗೊಂಡ ಜಿಂಕೆ ಪೊದೆಯೊಳಗೆ ಸೇರಿ ಎರಡು ಮೂರು ದಿನ ನರಳಿ ಸಾಯುತ್ತದೆ. ಬೇಟೆಯಾಡುವುದೇ ಆದರೆ ಪ್ರಾಣಿ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪಬೇಕು. ಗುಂಡಿನ ಆಯ್ಕೆಯ ವಿಜ್ಞಾನವೆಲ್ಲ ಇದೊಂದು ಬೇಡಿಕೆಯಿಂದಲೇ ಹೊರಡುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ, ಕಡವೆ ಬೇಟೆ ಅಪರಾಧ. ಈ ಬರಹ ಅದಕ್ಕೆ ಕೈಪಿಡಿಯಲ್ಲ. ಇಲ್ಲಿನ ಮಾತು ಅಮೆರಿಕದ ಬಿಳಿಬಾಲದ ಜಿಂಕೆಯದು. ಅಲ್ಲಿ ಅದರ ಬೇಟೆ ಪರವಾನಗಿಯ ಮೇಲೆ, ಋತುವಿಗೆ ತಕ್ಕಂತೆ ನಡೆಯುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗೂ ನೆರೆಯವರು ಕೊಟ್ಟ ಜಿಂಕೆ ಮಾಂಸ ಬರುವುದುಂಟು. ಆದ್ದರಿಂದ ಗುಂಡಿನ ಸೀಸದ ಕಥೆ ಬೇಟೆಗಾರನೊಬ್ಬನಿಗೇ ಸೇರಿದ್ದಲ್ಲ.

ಮೊದಲು ಒಂದು ಹಠಮಾರಿ ತಪ್ಪುಕಲ್ಪನೆ ತೊಲಗಬೇಕು. ದೊಡ್ಡ ಗುಂಡು ಪ್ರಾಣಿಯನ್ನು ನೂಕಿ ಕೆಡವುತ್ತದೆ ಎಂದು ಸಿನಿಮಾ ನೋಡಿದವರೆಲ್ಲ ನಂಬಿದ್ದಾರೆ. ಲೆಕ್ಕ ಹಾಕಿ ನೋಡಿ. .308 ವಿಂಚೆಸ್ಟರ್ ತೋಟಾದ 150 ಗ್ರೇನ್ ಗುಂಡಿನ ತೂಕ 9.7 ಗ್ರಾಂ. ನೂರು ಮೀಟರಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 780 ಮೀಟರ್. ಗುಂಡು ಪೂರ್ತಿ ಮೈಯೊಳಗೇ ನಿಂತರೂ 70 ಕಿಲೋ ಜಿಂಕೆಗೆ ಸಿಗುವ ವೇಗ ಸೆಕೆಂಡಿಗೆ 11 ಸೆಂಟಿಮೀಟರ್ ಮಾತ್ರ. ಕೋವಿ ಹಿಡಿದವನ ಭುಜಕ್ಕೆ ಬಿದ್ದ ಒದೆತಕ್ಕಿಂತ ಜೋರಾದ ನೂಕು ಆ ಕಡೆಗೆ ತಲುಪುವುದಿಲ್ಲ. ನ್ಯೂಟನ್ನನ ಮೂರನೆಯ ನಿಯಮ ಅದನ್ನು ಬಿಡುವುದಿಲ್ಲ. ಸಾವು ಬರುವುದು ರಕ್ತಸ್ರಾವದಿಂದ. ಎರಡೂ ಶ್ವಾಸಕೋಶಗಳಲ್ಲಿ ಅಗಲವಾದ ತೂತು ಬಿದ್ದರೆ ಮಿದುಳಿಗೆ ಹೋಗುವ ರಕ್ತದ ಒತ್ತಡ ಕುಸಿಯುತ್ತದೆ, ಜಿಂಕೆ ಹತ್ತು ಹದಿನೈದು ಸೆಕೆಂಡಿನಲ್ಲಿ ಬೀಳುತ್ತದೆ. ಅಷ್ಟರಲ್ಲಿ ಐವತ್ತು ಮೀಟರ್ ಓಡಿಯೂ ಇರಬಹುದು. ಓಡಿತೆಂದರೆ ಈಡು ತಪ್ಪಿತು ಎಂದುಕೊಂಡು ಹುಡುಕದೆ ಹೋಗುವುದು ಘೋರ ತಪ್ಪು.

ಹಾಗಾದರೆ ಗುಂಡಿನ ಕೆಲಸ ಅಗಲವಾದ, ಆಳವಾದ ತೂತು ಮಾಡುವುದು. 7.8 ಮಿಲಿಮೀಟರ್ ದಪ್ಪದ ಗುಂಡು ಅಣಬೆಯಂತೆ ಅರಳಿ 15 ಮಿಲಿಮೀಟರ್ ಆದರೆ ಅದರ ಮುಖದ ವಿಸ್ತೀರ್ಣ ಸುಮಾರು ನಾಲ್ಕು ಪಟ್ಟಾಗುತ್ತದೆ. ಅರಳಿಸುವ ಶಕ್ತಿ ಗುಂಡಿನೊಳಗಿನ ಯಾವುದೋ ಮದ್ದಲ್ಲ, ಎದುರಾಗುವ ನೀರು. ಮಾಂಸವೆಂದರೆ ಹೆಚ್ಚೂಕಡಿಮೆ ನೀರೇ. ಮೂತಿಯ ಮೇಲೆ ಬೀಳುವ ಒತ್ತಡ ನೀರಿನ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. 780 ಮೀಟರ್ ವೇಗದಲ್ಲಿ ಅದು ಸುಮಾರು 300 ಮೆಗಾಪಾಸ್ಕಲ್, ಅಂದರೆ ನಮ್ಮ ತಲೆಯ ಮೇಲಿರುವ ವಾಯುಭಾರದ ಮೂರು ಸಾವಿರ ಪಟ್ಟು. ವೇಗ 550ಕ್ಕೆ ಇಳಿದರೆ ಒತ್ತಡ 150ಕ್ಕೆ ಬಂತು, ಅರ್ಧ. ಮೆತ್ತನೆಯ ಸೀಸ ಹತ್ತಾರು ಮೆಗಾಪಾಸ್ಕಲ್ಲಿಗೇ ಬಗ್ಗುತ್ತದೆ, ಎರಡು ವೇಗದಲ್ಲೂ ಅರಳುತ್ತದೆ. ಬಡಿದು ಗಟ್ಟಿಯಾದ ತಾಮ್ರಕ್ಕೆ ಇನ್ನೂರು ಮುನ್ನೂರು ಬೇಕು. ಅದಕ್ಕೇ ಸೀಸವಿಲ್ಲದ, ಬರೀ ತಾಮ್ರದ ಗುಂಡಿನ ಮೂತಿಯಲ್ಲಿ ಕುಳಿ ಕೊರೆದು, ಗೋಡೆಯನ್ನು ತೆಳುವಾಗಿಸಿ, ಸೀಳುಗಳನ್ನು ಮೊದಲೇ ಗುರುತಿಸಿರುತ್ತಾರೆ. ಕುಳಿಯೊಳಗೆ ನುಗ್ಗಿದ ದ್ರವ ಗೋಡೆಯನ್ನು ಒಳಗಿನಿಂದ ಹೊರಕ್ಕೆ ಒತ್ತಿ ಎಸಳುಗಳಾಗಿ ಬಿಡಿಸುತ್ತದೆ. ವೇಗ ಸಾಲದಿದ್ದರೆ ಎಸಳು ಬಿಚ್ಚುವುದೇ ಇಲ್ಲ. ಗುಂಡು ಸಣ್ಣ ತೂತು ಕೊರೆದು ಆಚೆ ಹೋಗುತ್ತದೆ, ಜಿಂಕೆ ಕೈತಪ್ಪುತ್ತದೆ.

ಇದಕ್ಕೆ ತದ್ವಿರುದ್ಧವಾದ ಸೋಲೂ ಇದೆ. ನರಿ, ಮೊಲಗಳಿಗೆಂದು ಮಾಡಿದ, ಸೀಸದ ಮೇಲಿನ ಲೋಹದ ಕವಚ ತೆಳುವಾಗಿರುವ ಗುಂಡು ಜಿಂಕೆಯ ಭುಜದ ಮೂಳೆಗೆ ತಾಗಿದೊಡನೆ ಸಿಡಿದು ಚೂರಾಗುತ್ತದೆ. ಮೇಲೆ ಭೀಕರ ಗಾಯ, ಒಳಗೆ ಶ್ವಾಸಕೋಶ ಭದ್ರ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬವರು ಕೆಸರು ಮೆತ್ತಿದ ಮೂಸ್ ಎಂಬ ಭಾರಿ ಜಿಂಕೆಗೆ ಹೊಡೆದ ಗುಂಡುಗಳು ಒಳಗೆ ಇಳಿಯಲೇ ಇಲ್ಲ. ಆಮೇಲೆ ಅವರು ಗುಂಡಿನ ನಡುವೆ ತಾಮ್ರಲೋಹದ ಅಡ್ಡಗೋಡೆ ಇಟ್ಟು ಪಾರ್ಟಿಷನ್ ಗುಂಡು ರೂಪಿಸಿದರು: ಮುಂದಿನ ಸೀಸ ಅರಳುತ್ತದೆ, ಹಿಂದಿನದು ಗಟ್ಟಿಯಾಗಿ ಉಳಿದು ಆಳಕ್ಕೆ ನೂಕುತ್ತದೆ. ಹೇಗ್‌ನಲ್ಲಿ ನಿಷೇಧವಾದ ಗುಂಡಿಗೆ ಹೆಸರು ಕೊಟ್ಟದ್ದು ನಮ್ಮದೇ ಕಲ್ಕತ್ತೆಯ ಪಕ್ಕದ ಡಮ್‌ಡಮ್. 1890ರ ದಶಕದಲ್ಲಿ ಅಲ್ಲಿನ ಮದ್ದುಗುಂಡು ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ ಮಾಡಿದ್ದಿಷ್ಟೆ, ಕವಚದ ತುದಿ ತೆಗೆದು ಸೀಸವನ್ನು ಹೊರಗೆ ಕಾಣುವಂತೆ ಬಿಟ್ಟದ್ದು. ಇಂದಿನ ಮೆದುಮೂತಿಯ ಬೇಟೆ ಗುಂಡಿನ ತತ್ವವೂ ಅದೇ.

ಈಗ ಆಯ್ಕೆ. ಇಂಗ್ಲೆಂಡಿನ ಕಾನೂನು ದೊಡ್ಡ ಜಿಂಕೆಗಳಿಗೆ ನಳಿಗೆಯ ಬಾಯಲ್ಲಿ ಕನಿಷ್ಠ 1700 ಫುಟ್-ಪೌಂಡ್ ಶಕ್ತಿ ಬೇಕೆನ್ನುತ್ತದೆ. ಒಳ್ಳೆಯ ಕಾನೂನು, ಆದರೆ ಜಿಂಕೆ ನಿಂತಿರುವುದು ನಳಿಗೆಯ ಬಾಯಲ್ಲಲ್ಲ. ತೋಟಾ ಪೆಟ್ಟಿಗೆಯ ಮೇಲಿನ ಕೋಷ್ಟಕದಲ್ಲಿ ನೀವು ಹೊಡೆಯುವ ಅತಿ ದೂರದಲ್ಲಿ ಎಷ್ಟು ವೇಗ ಉಳಿದಿದೆ ಎಂದು ನೋಡಿ. ತಯಾರಕರು ಬೇರೆ ಅಂಕಿ ಕೊಡದಿದ್ದರೆ ಸೀಸದ ಗುಂಡಿಗೆ ಸೆಕೆಂಡಿಗೆ 550, ತಾಮ್ರಕ್ಕೆ 610 ಮೀಟರ್ ವೇಗವನ್ನು ಕೆಳಮಿತಿ ಎಂದಿಟ್ಟುಕೊಳ್ಳುವುದು ಕ್ಷೇಮ. ಕೋಷ್ಟಕ ಸಾಮಾನ್ಯವಾಗಿ 24 ಇಂಚಿನ ನಳಿಗೆಯದು. ನಿಮ್ಮ ನಳಿಗೆ 16 ಇಂಚಿನದಾದರೆ ಇಂಚಿಗೆ ಏಳೆಂಟು ಮೀಟರಿನಂತೆ ವೇಗದಲ್ಲಿ ಸೆಕೆಂಡಿಗೆ 60 ಮೀಟರ್ ಕಳೆಯಬೇಕು. ಈ ಕಳೆಯುವ ಲೆಕ್ಕವನ್ನು ಬಹುತೇಕರು ಮರೆಯುತ್ತಾರೆ.

.243 ವಿಂಚೆಸ್ಟರ್ ತೋಟಾಕ್ಕೆ 95ರಿಂದ 100 ಗ್ರೇನ್ ಸೀಸದ ಗುಂಡು, .270ಕ್ಕೆ 130, .308ಕ್ಕೆ 150 ಗ್ರೇನ್ ಬಿಳಿಬಾಲದ ಜಿಂಕೆಗೆ ಧಾರಾಳ. ಹಳೆಯ .30-30ರಂತೆ ತೋಟಾಗಳು ಕೊಳವೆಯಲ್ಲಿ ಒಂದರ ಹಿಂದೊಂದು ಕೂರುವ ರೈಫಲಿಗೆ ಮೊಂಡು ಮೂತಿಯ ಗುಂಡೇ ಬೇಕು. ಗಟ್ಟಿ ಚೂಪು ತುದಿ ಮುಂದಿನ ತೋಟಾದ ಪ್ರೈಮರನ್ನು, ಅಂದರೆ ಮದ್ದಿಗೆ ಕಿಡಿ ಹೊತ್ತಿಸುವ ಬಿಲ್ಲೆಯನ್ನು, ಚುಚ್ಚಿ ಸಿಡಿಸಬಲ್ಲದು. ಹೆಚ್ಚು ಮದ್ದಿನ ಮ್ಯಾಗ್ನಮ್ ತೋಟಾದಲ್ಲಿ ಐವತ್ತು ಮೀಟರಿಗೆ ಹೊಡೆಯುವವರು ಕವಚ ಮತ್ತು ಸೀಸ ಬೆಸೆದ ಬಾಂಡೆಡ್ ಗುಂಡು ಅಥವಾ ತಾಮ್ರದ್ದನ್ನೇ ಆರಿಸಬೇಕು. ಅಲ್ಲಿ ವೇಗ ಹೆಚ್ಚಾಗಿ ಸಾಮಾನ್ಯ ಗುಂಡು ಚೂರಾಗುತ್ತದೆ. ಪೂರ್ತಿ ಕವಚದ ಮಿಲಿಟರಿ ಗುಂಡು ಯಾವ ದೂರಕ್ಕೂ ಬೇಡ.

ಸೀಸವೋ ತಾಮ್ರವೋ ಎಂಬಲ್ಲಿ ನನ್ನ ಒಲವು ತಾಮ್ರಕ್ಕೆ. ಸೀಸದ ಗುಂಡು ಹಾದ ಮಾಂಸದ ಎಕ್ಸ್-ರೇಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳು ಗಾಯದಿಂದ ಬಹು ದೂರ ಹರಡಿರುವುದು ಕಾಣುತ್ತದೆ. ಅದು ಮಕ್ಕಳ, ಬಸುರಿಯರ ತಟ್ಟೆಗೆ ಬರಬಾರದು. ಕಾಡಿನಲ್ಲಿ ಬಿಟ್ಟ ಕರುಳನ್ನು ತಿಂದ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದುಗಳು ಸೀಸದ ವಿಷಕ್ಕೆ ಸತ್ತವು. 1987ರ ಹೊತ್ತಿಗೆ ಕಾಡಿನಲ್ಲಿ ಉಳಿದಿದ್ದ ಎಲ್ಲವನ್ನೂ ಹಿಡಿದು ಸಾಕಬೇಕಾಯಿತು. ದನದ ಕಳೇಬರದಲ್ಲಿ ಉಳಿದ ಡೈಕ್ಲೋಫೆನಾಕ್ ಔಷಧ ನಮ್ಮ ರಣಹದ್ದುಗಳನ್ನು ಅಳಿವಿನಂಚಿಗೆ ತಂದದ್ದನ್ನು ಬಲ್ಲವರಿಗೆ ಇದು ಅಪರಿಚಿತ ಕಥೆಯಲ್ಲ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ತೋಟಾವನ್ನು ಪೂರ್ತಿ ನಿಲ್ಲಿಸಿದೆ.

ತಾಮ್ರಕ್ಕೆ ಬದಲಾಗುವಾಗ ತೂಕವನ್ನು ಹಾಗೇ ಇಟ್ಟುಕೊಳ್ಳಬೇಡಿ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು 8.96, ಅದೇ ತೂಕಕ್ಕೆ ತಾಮ್ರದ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡು ನೆಟ್ಟಗೆ ಹಾರಲು ಗುಂಡನ್ನು ತಿರುಗಿಸುವ, ನಳಿಗೆಯೊಳಗಿನ ಸುರುಳಿ ಗೆರೆಗಳ ತಿರುವು ಬಿಗಿಯಾಗಿರಬೇಕು. ಹತ್ತು ಇಂಚಿಗೊಂದು ಸುತ್ತಿನ .243ರಲ್ಲಿ 80 ಅಥವಾ 85 ಗ್ರೇನ್ ತಾಮ್ರ ಸಾಕು. 100 ಗ್ರೇನ್ ಹಾಕಿದರೆ ಓಲಾಡಬಹುದು, ಗುರಿ ಹಾಳೆಯ ಮೇಲೆ ಅಡ್ಡ ಬಿದ್ದ ಉದ್ದುದ್ದ ತೂತುಗಳು ಅದನ್ನು ತೋರಿಸುತ್ತವೆ. ನಳಿಗೆಯಲ್ಲಿನ ಹಳೆಯ ಲೋಹದ ಲೇಪವನ್ನು ದ್ರಾವಕದಿಂದ ಪೂರ್ತಿ ತೆಗೆದು, ಎರಡು ಮೂರು ಗುಂಡು ಹಾರಿಸಿದ ಮೇಲೆ ನೂರು ಮೀಟರಿನಲ್ಲಿ ಮೂರು ಮೂರರ ಗುಂಪು ಹೊಡೆದು ದೂರದರ್ಶಕವನ್ನು ಮತ್ತೆ ಹೊಂದಿಸಬೇಕು. ಗುಂಡು ಬದಲಾದರೆ ಅದು ಹೋಗಿ ತಗುಲುವ ಜಾಗ ಹಲವು ಸೆಂಟಿಮೀಟರ್ ಸರಿಯುವುದು ಸಾಮಾನ್ಯ. ಜಿಂಕೆಯ ಎದೆಯಲ್ಲಿ ಇರುವ ಗುರಿ 20 ಸೆಂಟಿಮೀಟರಿನ ವೃತ್ತವಷ್ಟೆ, ಮುಂಗಾಲಿನ ಹಿಂಬದಿಗೆ, ಎದೆಯ ಕೆಳಗೆರೆಯಿಂದ ಮೂರನೇ ಒಂದು ಪಾಲು ಮೇಲೆ. ಗುಂಡು ಆಚೆ ಹೊರಬೀಳಬೇಕು, ರಕ್ತದ ಜಾಡು ಸಿಗುವುದು ಆ ಎರಡನೇ ತೂತಿನಿಂದ. ಹಾಗಾಗಿ ಜಿಂಕೆಯ ಹಿಂದೆ ಮಣ್ಣಿನ ದಿಬ್ಬವಿಲ್ಲದಿದ್ದರೆ, ಇನ್ನೊಂದು ಜಿಂಕೆ ನಿಂತಿದ್ದರೆ, ಈಡು ಹಾರಿಸುವಂತಿಲ್ಲ. ಜಾಡಿನಲ್ಲಿ ನೊರೆಯಿರುವ ಗುಲಾಬಿ ರಕ್ತ ಸಿಕ್ಕರೆ ಶ್ವಾಸಕೋಶ, ಗಾಢ ಕೆಂಪಾದರೆ ಯಕೃತ್ತು. ಹಸಿರು ಕಲೆತಿದ್ದರೆ ಹೊಟ್ಟೆಗೆ ತಾಗಿದೆ ಎಂದರ್ಥ. ಕೂಡಲೇ ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಓಡುತ್ತದೆ, ಕೆಲವು ಗಂಟೆ ಬಿಟ್ಟು ಜಾಡು ಹಿಡಿದರೆ ಮಲಗಿದಲ್ಲೇ ಸಿಗುತ್ತದೆ.