ಲಘು ಸಂಗೀತ ಎಂಬ ಹೆಸರಿನ ರಾಕ್ ಹಾಡು: ‘ಕಾನ್ಸಿಯೋನ್ ಅನಿಮಾಲ್’ ಆಲ್ಬಮ್ ಹಿಂದಿನ ಕಥೆ

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ರಾಕ್ ಹಾಡುಗಾರ ಗುಸ್ತಾವೊ ಸೆರಾಟಿಯ ಅಪ್ಪ-ಅಮ್ಮನ ಬಳಿ ಒಂದಷ್ಟು ಹಳೆಯ ರೆಕಾರ್ಡುಗಳಿದ್ದವು. ಅವುಗಳ ಮೇಲೆ ‘ಮೂಸಿಕಾ ಲಿಹೇರಾ’ ಎಂಬ ಮಾತಿತ್ತು. ಕನ್ನಡದಲ್ಲಿ ಹೇಳುವುದಾದರೆ ಲಘು ಸಂಗೀತ. ಶಾಸ್ತ್ರೀಯದ ಬಿಗಿಯಿಲ್ಲದ, ಕಿವಿಗೆ ಹಗುರಾದ ಹಾಡುಗಳನ್ನು ನಮ್ಮ ಆಕಾಶವಾಣಿ ಸುಗಮ ಸಂಗೀತ ಎಂದು ಬೇರೆಯಾಗಿ ಕರೆಯಿತಲ್ಲ, ಹೆಚ್ಚುಕಡಿಮೆ ಅದೇ ಜಾತಿಯ ಹೆಸರು. ಮುಂದೆ ಸೆರಾಟಿ ಆ ಎರಡು ಪದಗಳನ್ನು ಎತ್ತಿಕೊಂಡು ಒಂದು ರಾಕ್ ಹಾಡಿಗೆ ‘ದೆ ಮೂಸಿಕಾ ಲಿಹೇರಾ’ ಎಂದು ಹೆಸರಿಟ್ಟ. ಮೆಕ್ಸಿಕೊದಿಂದ ಚಿಲಿಯ ತುದಿಯವರೆಗೆ ಸ್ಪ್ಯಾನಿಷ್ ಮಾತಾಡುವ ಜನ ಇಂದಿಗೂ ಒಟ್ಟಾಗಿ ಕೂಗಿ ಹಾಡುವ ಹಾಡು ಅದು. ಅದಿರುವುದು ಸೆರಾಟಿಯ ಸೋಡಾ ಸ್ಟೀರಿಯೊ ತಂಡದ ಐದನೆಯ ಸ್ಟುಡಿಯೊ ಆಲ್ಬಮ್ ‘ಕಾನ್ಸಿಯೋನ್ ಅನಿಮಾಲ್’ನಲ್ಲಿ, ಅಂದರೆ ‘ಪ್ರಾಣಿಯ ಹಾಡು’. ಬಿಡುಗಡೆಯಾದದ್ದು 1990ರ ಆಗಸ್ಟ್‌ನಲ್ಲಿ.

ಈ ಆಲ್ಬಮ್ಮಿನ ಗೆಲುವನ್ನು ವಿವರಿಸುವಾಗ ಬಹಳ ಮಂದಿ ಅರ್ಜೆಂಟೀನಾ ಬ್ರಿಟನ್ ಜೊತೆ ದ್ವೀಪಗಳಿಗಾಗಿ ಹೂಡಿದ 1982ರ ಯುದ್ಧದಿಂದ ಮಾತು ಶುರುಮಾಡುತ್ತಾರೆ. ಯುದ್ಧ ಬಂತು, ರೇಡಿಯೊದಲ್ಲಿ ಇಂಗ್ಲಿಷ್ ಹಾಡು ನಿಂತಿತು, ಸ್ಪ್ಯಾನಿಷ್ ರಾಕ್ ಹುಟ್ಟಿತು ಎನ್ನುವ ಮೂರು ಮೆಟ್ಟಿಲಿನ ಕಥೆ. ಅದರಲ್ಲಿ ಸುಳ್ಳಿಲ್ಲ, ಆದರೆ ಅರ್ಧ ಕಥೆ ಬಿಟ್ಟುಹೋಗಿದೆ. ಯುದ್ಧ ಒಂದು ಬಾಗಿಲು ತೆರೆಯಿತು, ನಿಜ. ಆ ಬಾಗಿಲು ಇದ್ದ ಮನೆಯನ್ನು ಹದಿನೈದು ವರ್ಷಗಳಿಂದ ಬೇರೆಯವರು ಕಟ್ಟುತ್ತಿದ್ದರು. ‘ಕಾನ್ಸಿಯೋನ್ ಅನಿಮಾಲ್’ ದೊಡ್ಡದಾದದ್ದು, ಸೋಡಾ ಸ್ಟೀರಿಯೊದ ಹುಡುಗರು ಆ ಹಿರಿಯರ ಕಡೆಗೆ ಮುಖ ತಿರುಗಿಸಿದ ಮೇಲೆ.

1967ರಲ್ಲಿ ಅರ್ಜೆಂಟೀನಾದ ಲೋಸ್ ಗಾತೋಸ್ ಎಂಬ ತಂಡ ‘ಲಾ ಬಾಲ್ಸಾ’ ಎಂಬ ಹಾಡನ್ನು ಹೊರತಂದಿತು. ತೆಪ್ಪವೊಂದನ್ನು ಕಟ್ಟಿಕೊಂಡು ದೂರ ಹೋಗಿಬಿಡುವ ಆಸೆಯ ಹಾಡು. ಎರಡು ಲಕ್ಷಕ್ಕೂ ಹೆಚ್ಚು ರೆಕಾರ್ಡು ಮಾರಾಟವಾಯಿತು. ರಾಕ್ ಎಂದರೆ ಇಂಗ್ಲಿಷಿನ ಸ್ವತ್ತು, ಬೇಕಾದರೆ ಅದನ್ನು ಅನುವಾದಿಸಿ ಹಾಡಬಹುದು ಎನ್ನುವ ಕಾಲದಲ್ಲಿ, ತಮ್ಮದೇ ಮಾತಿನಲ್ಲಿ ತಮ್ಮದೇ ಹಾಡು ಕಟ್ಟಿದರೆ ಜನ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದು ತೋರಿಸಿಕೊಟ್ಟದ್ದು ಅದು. ಹಿಂದೆಯೇ ಲೂಯಿಸ್ ಆಲ್ಬೆರ್ತೊ ಸ್ಪಿನೆಟ್ಟಾ ಬಂದ. ಮೊದಲು ಆಲ್ಮೆಂದ್ರಾ, ಆಮೇಲೆ ಪೆಸ್ಕಾದೊ ರಾಬಿಯೋಸೊ ಎಂಬ ತಂಡ ಕಟ್ಟಿದ ಕವಿ ಮನಸ್ಸಿನ ಗಿಟಾರ್ ವಾದಕ. 1973ರಲ್ಲಿ ಪೆಸ್ಕಾದೊ ರಾಬಿಯೋಸೊ ಹೆಸರಿನಲ್ಲಿ ಬಂದ ‘ಆರ್ತೊ’ ಆಲ್ಬಮನ್ನು ಅರ್ಜೆಂಟೀನಾದ ರಾಕ್ ರಸಿಕರು ಇಂದಿಗೂ ಎದೆಗೊತ್ತಿಕೊಂಡು ಮಾತಾಡುತ್ತಾರೆ.

ಬೇರೆ ದೇಶಗಳಿಗೆ ಈ ಅದೃಷ್ಟ ಇರಲಿಲ್ಲ. ಮೆಕ್ಸಿಕೊದಲ್ಲಿ 1971ರ ಸೆಪ್ಟೆಂಬರ್‌ನಲ್ಲಿ ಅವಾಂದಾರೊ ಎಂಬಲ್ಲಿ ಲಕ್ಷಾಂತರ ಯುವಕರು ಸೇರಿದ ರಾಕ್ ಉತ್ಸವ ನಡೆಯಿತು. ಆ ಜನಸಾಗರ ಕಂಡು ಸರ್ಕಾರ ಬೆಚ್ಚಿತು. ಮೂರು ವರ್ಷಗಳ ಹಿಂದಷ್ಟೇ ತ್ಲಾತೆಲೋಲ್ಕೊ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿಸಿದ್ದ ಸರ್ಕಾರ ಅದು. ರೇಡಿಯೊ, ರೆಕಾರ್ಡು ಕಂಪನಿ, ಸಭಾಂಗಣ ಎಲ್ಲವೂ ರಾಕ್‌ಗೆ ಮುಚ್ಚಿದವು. ಒಂದು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ರಾಕ್ ಊರಂಚಿನ ಗೋದಾಮುಗಳಲ್ಲಿ, ಕತ್ತಲ ಕೋಣೆಗಳಲ್ಲಿ ಉಸಿರಾಡಿತು.

ಅರ್ಜೆಂಟೀನಾದಲ್ಲೂ ಕತ್ತಲೆ ಬಂದೇ ಬಂತು. 1976ರ ಮಾರ್ಚ್ 24ರಂದು ಸೇನೆ ಅಧಿಕಾರ ಹಿಡಿಯಿತು. ಸಾವಿರಾರು ಜನ ‘ಕಾಣೆಯಾದರು’. ಹಿಡಿದುಕೊಂಡು ಹೋದವರು ಎಲ್ಲಿ ಎಂದು ಕೇಳಿದರೆ ಉತ್ತರವಿರಲಿಲ್ಲ. ಉದ್ದ ಕೂದಲಿನ ಹುಡುಗರು ರಾಕ್ ಕಾರ್ಯಕ್ರಮದಿಂದ ಹೊರಬಂದರೆ ಪೊಲೀಸ್ ವ್ಯಾನು ಕಾದಿರುತ್ತಿತ್ತು. ಹಾಡುಗಾರರು ಹೇಳಬೇಕಾದ್ದನ್ನು ಮಕ್ಕಳ ಕಥೆಯ ಮರೆಯಲ್ಲಿ, ಒಗಟಿನ ಮರೆಯಲ್ಲಿ ಹೇಳುವುದನ್ನು ಕಲಿತರು.

ಅದೇ ಸೇನೆ 1982ರ ಏಪ್ರಿಲ್ 2ರಂದು ಬ್ರಿಟನ್ ವಶದಲ್ಲಿದ್ದ ಮಾಲ್ವಿನಾಸ್ ದ್ವೀಪಗಳಿಗೆ, ಬ್ರಿಟಿಷರು ಫಾಕ್‌ಲ್ಯಾಂಡ್ಸ್ ಎನ್ನುವಲ್ಲಿಗೆ, ಪಡೆ ಇಳಿಸಿತು. ಶತ್ರುವಿನ ಭಾಷೆ ರೇಡಿಯೊದಲ್ಲಿ ಕೇಳಿಸಬಾರದು ಎಂದಾಯಿತು. ಆದರೆ ದಿನದ ಇಪ್ಪತ್ನಾಲ್ಕು ಗಂಟೆಯನ್ನು ಯಾವುದರಿಂದ ತುಂಬಿಸುವುದು? ನಿಲಯದವರು ಮೂಲೆಯಲ್ಲಿ ಧೂಳು ಹಿಡಿದಿದ್ದ ಅರ್ಜೆಂಟೀನಾದ ರಾಕ್ ರೆಕಾರ್ಡುಗಳನ್ನು ತೆಗೆದರು. ನಿನ್ನೆಯವರೆಗೆ ಅನುಮಾನಕ್ಕೆ ಗುರಿಯಾಗಿದ್ದವರ ದನಿ ಮನೆಮನೆಯಲ್ಲಿ ಕೇಳಿತು. ಮೇ 16ರಂದು ಒಬ್ರಾಸ್ ಕ್ರೀಡಾಂಗಣದಲ್ಲಿ ಸೈನಿಕರಿಗಾಗಿ ಬಟ್ಟೆಬರೆ, ಆಹಾರ ಸಂಗ್ರಹಿಸುವ ದೊಡ್ಡ ರಾಕ್ ಉತ್ಸವವೇ ನಡೆಯಿತು. ಸ್ಪಿನೆಟ್ಟಾ, ಚಾರ್ಲಿ ಗಾರ್ಸಿಯಾ, ಲಿಯೋನ್ ಹೀಕೊ ಹಾಡಿದರು. ವಿರುಸ್ ಎಂಬ ತಂಡ ಮಾತ್ರ ಬರುವುದಿಲ್ಲ ಎಂದಿತು. ಆ ತಂಡದಲ್ಲಿದ್ದ ಮೋರಾ ಸೋದರರ ಅಣ್ಣನೊಬ್ಬನನ್ನು ಇದೇ ಸೇನೆ ಕಾಣೆಯಾಗಿಸಿತ್ತು. ಆ ನಿರಾಕರಣೆಗೆ ಎಷ್ಟು ಧೈರ್ಯ ಬೇಕಿತ್ತು ಎಂಬುದನ್ನು ನೆನೆಯದೆ ಈ ಚರಿತ್ರೆ ಬರೆಯಬಾರದು. ಜೂನ್ 14ಕ್ಕೆ ಅರ್ಜೆಂಟೀನಾ ಶರಣಾಯಿತು. 649 ಅರ್ಜೆಂಟೀನಿಯನ್ನರು ಸತ್ತಿದ್ದರು, ಅವರಲ್ಲಿ ಬಹಳಷ್ಟು ಜನ ಕಡ್ಡಾಯ ಸೇವೆಗೆ ಎಳೆದು ತಂದ ಎಳೆಯ ಹುಡುಗರು. ಮರುವರ್ಷದ ಡಿಸೆಂಬರ್‌ನಲ್ಲಿ ಪ್ರಜಾಪ್ರಭುತ್ವ ಮರಳಿತು.

ಸೋಡಾ ಸ್ಟೀರಿಯೊ ಕೂಡಿದ್ದು ಆ 1982ರಲ್ಲೇ. ಸೆರಾಟಿ ಮತ್ತು ಬಾಸ್ ಗಿಟಾರಿನ ಸೇಟಾ ಬೋಸಿಯೊ ಜಾಹೀರಾತು ಕಲೆ ಓದುತ್ತಿದ್ದ ಸಹಪಾಠಿಗಳು. ಡ್ರಮ್ಸ್‌ನ ಚಾರ್ಲಿ ಆಲ್ಬೆರ್ತಿ ಬಂದ ದಾರಿ ಇನ್ನೂ ಸ್ವಾರಸ್ಯಕರ: ಸೆರಾಟಿಯ ತಂಗಿಯನ್ನು ಒಲಿಸಿಕೊಳ್ಳಲು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದವನು, ತಾನು ಜಾಝ್ ಡ್ರಮ್ಮರ್ ಟೀಟೊ ಆಲ್ಬೆರ್ತಿಯ ಮಗ, ತಾನೂ ನುಡಿಸುತ್ತೇನೆ ಎಂದನಂತೆ. ತಂಗಿ ಒಲಿಯಲಿಲ್ಲ, ಅಣ್ಣನಿಗೆ ಡ್ರಮ್ಮರ್ ಸಿಕ್ಕಿದ.

1984ರ ಮೊದಲ ಆಲ್ಬಮನ್ನು ರೂಪಿಸಿದ್ದು ವಿರುಸ್ ತಂಡದ ಫೆದೆರಿಕೊ ಮೋರಾ. ಆಗಿನ ಸೋಡಾ ಸ್ಟೀರಿಯೊ ಲಂಡನ್ನಿನ ಹೊಸ ಅಲೆಯ ತಂಡಗಳನ್ನು ಕಣ್ಣರಳಿಸಿ ನೋಡುತ್ತಿತ್ತು. ಕೆದರಿದ ಕೂದಲು, ಕಣ್ಣಿಗೆ ಕಾಡಿಗೆ, ಚುರುಕು ತಾಳ. ಹಿರಿಯ ರಾಕ್ ಪ್ರೇಮಿಗಳು ಇವರನ್ನು ಮೇಲುಮೇಲಿನ ಥಳುಕಿನವರು ಎಂದು ಮೂಗು ಮುರಿದರು. 1985ರ ‘ನಾದಾ ಪೆರ್ಸೊನಾಲ್’, 1986ರ ‘ಸಿಗ್ನೋಸ್’ ಬಂದಂತೆ ಚಿಲಿ, ಪೆರು, ಕೊಲಂಬಿಯಾ, ಮೆಕ್ಸಿಕೊಗಳಲ್ಲಿ ಹುಡುಗ ಹುಡುಗಿಯರು ಹುಚ್ಚೆದ್ದರು. ಅರ್ಜೆಂಟೀನಾದ ರಾಕ್ ತಂಡವೊಂದು ಇಷ್ಟು ದೇಶಗಳನ್ನು ಊರೂರು ಸುತ್ತಿ ಗೆದ್ದದ್ದು ಅದೇ ಮೊದಲು. ಆ ಹುಚ್ಚಿಗೆ ತೆರಬೇಕಾದ ಬೆಲೆಯೂ ಇತ್ತು. 1987ರ ಮೇ ತಿಂಗಳಲ್ಲಿ ಸಾನ್ ನಿಕೊಲಾಸ್ ಪಟ್ಟಣದ ಡಿಸ್ಕೊವೊಂದರಲ್ಲಿ ಅವರು ನುಡಿಸುತ್ತಿದ್ದಾಗ ಜನರ ಭಾರಕ್ಕೆ ಬಾಲ್ಕನಿ ಕುಸಿದು ಐವರು ಸತ್ತರು.

ಗಡಿ ದಾಟಿದ ಈ ಗೆಲುವಿನ ಹಿಂದೆ ಭಾಷೆಯ ಒಂದು ಸಣ್ಣ ಸಂಗತಿಯೂ ಇದೆ. ಬ್ಯೂನಸ್ ಐರಿಸ್‌ನಲ್ಲಿ ‘ನೀನು’ ಎನ್ನಲು ‘ವೋಸ್’ ಎನ್ನುತ್ತಾರೆ, ಕ್ರಿಯಾಪದವೂ ಅದರಂತೆ ಬದಲಾಗುತ್ತದೆ. ಮೆಕ್ಸಿಕೊ, ಪೆರು ಮೊದಲಾದ ಕಡೆ ಅದೇ ಮಾತು ‘ತು’. ‘ಕಾನ್ಸಿಯೋನ್ ಅನಿಮಾಲ್’ನಲ್ಲಿ ‘ಸುಎಲೆಸ್ ದೆಹಾರ್ಮೆ ಸೋಲೊ’ ಎಂಬ ಹಾಡಿದೆ, ‘ನನ್ನನ್ನು ಒಂಟಿಯಾಗಿ ಬಿಟ್ಟುಹೋಗುವುದು ನಿನಗೆ ರೂಢಿ’ ಎಂದು. ಸೆರಾಟಿಯ ಬೀದಿಯ ಮಾತಾಗಿದ್ದರೆ ‘ಸೊಲೆಸ್’ ಎನ್ನಬೇಕಿತ್ತು. ಹಾಡಿನಲ್ಲಿ ‘ಸುಎಲೆಸ್’ ಬಂದಿದೆ. ಧಾರವಾಡದವರು ಮನೆಯಲ್ಲಿ ‘ಹೋಗ್ತಾನ’ ಎಂದು, ಬರೆಯುವಾಗ ‘ಹೋಗುತ್ತಾನೆ’ ಎನ್ನುವಂತೆ. ಬೇಕೆಂದೇ ಮಾಡಿದರೋ ಹಾಡಿನ ರೂಢಿಯಿಂದ ಬಂತೋ, ಲಿಮಾದ ಹುಡುಗಿಗೂ ಮೆಕ್ಸಿಕೊ ನಗರದ ಹುಡುಗನಿಗೂ ಆ ಹಾಡು ಪರವೂರಿನದು ಎನ್ನಿಸಲಿಲ್ಲ.

1988ರಲ್ಲಿ ತಂಡ ನ್ಯೂಯಾರ್ಕಿಗೆ ಹೋಗಿ, ಡೇವಿಡ್ ಬೋವಿಯ ಗಿಟಾರ್ ವಾದಕ ಕಾರ್ಲೋಸ್ ಆಲೊಮಾರ್ ಜೊತೆ ‘ದೋಬ್ಲೆ ವೀದಾ’ ಮಾಡಿತು. ಮರುವರ್ಷ ಅರ್ಜೆಂಟೀನಾದಲ್ಲಿ ಹಣದುಬ್ಬರ ಮೂರು ಸಾವಿರ ಪ್ರತಿಶತ ಮುಟ್ಟಿತು. ಬೆಳಿಗ್ಗೆ ಅಂಗಡಿಯಲ್ಲಿ ಕಂಡ ಬೆಲೆ ಸಂಜೆಗೆ ಇರುತ್ತಿರಲಿಲ್ಲ. ಕೂಲಿ ಕೈಗೆ ಬಂದ ಗಳಿಗೆಯಲ್ಲೇ ಜನ ಸಾಮಾನು ಕೊಳ್ಳಲು ಓಡುತ್ತಿದ್ದರು. ಅಂಗಡಿಗಳ ಲೂಟಿಯಾಯಿತು, ಅಧ್ಯಕ್ಷ ಆಲ್ಫೊನ್ಸಿನ್ ಅವಧಿಗೆ ಮೊದಲೇ ಇಳಿದರು.

ಇಂಥ ಹೊತ್ತಿನಲ್ಲಿ ಸೆರಾಟಿ ಹೊಸ ಹಾಡುಗಳಿಗೆ ಕೂತ. ಗೆಳೆಯ ದಾನಿಯೆಲ್ ಮೆಲೇರೊ ಕೆಲವು ಹಾಡುಗಳಿಗೆ ಕೈಜೋಡಿಸಿದ. ಕೀಬೋರ್ಡಿನ ಮಿರುಗು, ನ್ಯೂಯಾರ್ಕಿನ ನಯ ಹಿಂದೆ ಸರಿದು ಗಿಟಾರ್ ಮುಂದೆ ಬಂತು. ಒರಟಾದ, ಎದೆಗೆ ಬಡಿಯುವ ಗಿಟಾರ್. ಎಪ್ಪತ್ತರ ದಶಕದ ಅರ್ಜೆಂಟೀನಾದ ರಾಕ್, ಆಲ್ಮೆಂದ್ರಾ, ಪೆಸ್ಕಾದೊ ರಾಬಿಯೋಸೊ ಮನೆಮಾತಾಗಿದ್ದ ಕಾಲದ ನಾದ, ಮತ್ತೆ ಕೇಳಿಸತೊಡಗಿತು. ಧ್ವನಿಮುದ್ರಣ ನಡೆದದ್ದು ಮಯಾಮಿಯ ಕ್ರೈಟೀರಿಯಾ ಸ್ಟುಡಿಯೊದಲ್ಲಿ. ಹೀಗೆ ಅಮೆರಿಕದ ನೆಲದಲ್ಲಿ ಕೂತು ಅವರು ತಮ್ಮ ಅತ್ಯಂತ ಅರ್ಜೆಂಟೀನಿಯನ್ ಆಲ್ಬಮ್ ಮಾಡಿದರು.

ಹತ್ತು ಹಾಡು. ‘ದೆ ಮೂಸಿಕಾ ಲಿಹೇರಾ’ವನ್ನು ಕೈಯಲ್ಲಿ ಗಿಟಾರ್ ಹಿಡಿದೇ ಅರಿಯಬೇಕು. ಬಿ ಮೈನರ್, ಜಿ, ಡಿ, ಎ: ಈ ನಾಲ್ಕು ಕಾರ್ಡುಗಳು, ಅಂದರೆ ಒಟ್ಟಿಗೆ ಮೀಟುವ ಸ್ವರಗುಚ್ಛಗಳು, ಗಾಣದೆತ್ತಿನಂತೆ ಸುತ್ತುತ್ತಲೇ ಇರುತ್ತವೆ. ಕೊನೆಯ ಮೂರು ಹೊಸಬರಿಗೂ ಸುಲಭ. ಮೊದಲನೆಯದಕ್ಕೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡವಾಗಿ ಮಲಗಿಸಿ ಒತ್ತಬೇಕು. ಮೊದಮೊದಲು ಬೆರಳು ನೋಯುತ್ತದೆ, ತಂತಿ ‘ಟಪ್’ ಎನ್ನುತ್ತದೆ. ಆ ನೋವು ದಾಟಿದವರಿಗೆ ಇಡೀ ಹಾಡು ದಕ್ಕಿಬಿಡುತ್ತದೆ. ಲ್ಯಾಟಿನ್ ಅಮೆರಿಕದ ಅದೆಷ್ಟೋ ಶಾಲಾ ತಂಡಗಳು ಇದರಿಂದಲೇ ಶುರುವಾಗಿರುವುದು ಸಹಜ. ಬ್ರೆಜಿಲ್‌ನಲ್ಲಿ ಎರಡು ಹೆಸರಾಂತ ತಂಡಗಳು ಅದನ್ನು ಪೋರ್ಚುಗೀಸಿಗೂ ಒಯ್ದವು. ಮಾತಿನಲ್ಲೂ ಹಾಗೆಯೇ ಸರಳ. ಮುಗಿದುಹೋದ ಪ್ರೀತಿಯೊಂದನ್ನು ಲಘು ಸಂಗೀತಕ್ಕೆ ಹೋಲಿಸುತ್ತಾನೆ, ಅದರಿಂದ ಬಿಡುಗಡೆಯಿಲ್ಲ ಎನ್ನುತ್ತಾನೆ. ಹಗುರವಾದದ್ದೇ ಹೆಚ್ಚು ಕಾಲ ಅಂಟಿಕೊಳ್ಳುತ್ತದೆ ಎಂಬುದು ರೇಡಿಯೊ ಕೇಳಿ ಬೆಳೆದ ಯಾರಿಗಾದರೂ ಗೊತ್ತು.

ಜನ ಹೇಗೆ ಸ್ವೀಕರಿಸಿದರು ಎಂಬುದಕ್ಕೆ ಮುಂದಿನ ಹದಿನಾರು ತಿಂಗಳು ನೋಡಿದರೆ ಸಾಕು. 1990ರ ಡಿಸೆಂಬರ್‌ನಲ್ಲಿ ವೆಲೆಸ್ ಫುಟ್‌ಬಾಲ್ ಕ್ರೀಡಾಂಗಣ. ಮರುವರ್ಷ ಮೂರು ಸಾವಿರಕ್ಕೂ ಹೆಚ್ಚು ಆಸನಗಳ ಗ್ರಾನ್ ರೆಕ್ಸ್ ರಂಗಮಂದಿರದಲ್ಲಿ ಹದಿನಾಲ್ಕು ಕಾರ್ಯಕ್ರಮ. 1991ರ ಡಿಸೆಂಬರ್ 14ರಂದು ನಗರದ ನಡುವೆ ಹಾದುಹೋಗುವ ಜುಲೈ 9 ಹೆದ್ದಾರಿಯಲ್ಲಿ ಉಚಿತ ಕಛೇರಿ, ಸುಮಾರು ಎರಡೂವರೆ ಲಕ್ಷ ಜನ. ಒಂಬತ್ತು ವರ್ಷಗಳ ಹಿಂದೆ ರಾಕ್ ಕೇಳಿ ಮನೆಗೆ ಮರಳುವುದೇ ಅಪಾಯವಾಗಿದ್ದ ಊರು ಅದು.

ಆರು ವರ್ಷಗಳ ಬಳಿಕ, 1997ರ ಸೆಪ್ಟೆಂಬರ್ 20ರಂದು ರಿವರ್ ಪ್ಲೇಟ್ ಕ್ರೀಡಾಂಗಣದಲ್ಲಿ ತಂಡ ವಿದಾಯ ಹೇಳಿದ್ದೂ ಇದೇ ನಾಲ್ಕು ಕಾರ್ಡುಗಳ ಮೇಲೆ. ಸೆರಾಟಿ ಕೊನೆಗೆ ‘ಗ್ರಾಸಿಯಾಸ್ ತೊತಾಲೆಸ್’ ಎಂದ. ವ್ಯಾಕರಣದಲ್ಲಿ ತುಸು ವಿಚಿತ್ರ ಮಾತು, ‘ಸಂಪೂರ್ಣ ಧನ್ಯವಾದಗಳು’ ಎಂದ ಹಾಗೆ. ಆ ಎರಡು ಪದ ಇಡೀ ಖಂಡದ ಆಡುಮಾತಾಯಿತು. 2007ರಲ್ಲಿ ಅವರು ಒಮ್ಮೆ ಮತ್ತೆ ಕೂಡಿ ಪ್ರವಾಸ ಮಾಡಿದರು. 2010ರ ಮೇ 15ರಂದು ವೆನೆಜುವೆಲಾದ ಕಾರಾಕಾಸ್‌ನಲ್ಲಿ ಕಾರ್ಯಕ್ರಮ ಮುಗಿಸಿದ ಸೆರಾಟಿಗೆ ಪಾರ್ಶ್ವವಾಯು ಬಡಿಯಿತು. ನಾಲ್ಕು ವರ್ಷ ಎಚ್ಚರವೇ ಇಲ್ಲದೆ ಮಲಗಿ, 2014ರ ಸೆಪ್ಟೆಂಬರ್ 4ರಂದು ತೀರಿಕೊಂಡ. ವಯಸ್ಸು 55.

ನನಗೆ ಮಾತ್ರ ಈ ಆಲ್ಬಮ್ ಎಂದರೆ ಮೊದಲು ನೆನಪಾಗುವುದು ಒಂಬತ್ತನೆಯ ಹಾಡು, ‘ತೇ ಪಾರಾ ತ್ರೆಸ್’. ಮೂವರಿಗೆ ಚಹಾ. ಅಪ್ಪನಿಗೆ ಕ್ಯಾನ್ಸರ್ ಎಂದು ತಿಳಿದ ಹೊತ್ತಿನಲ್ಲಿ ಅಪ್ಪ, ಅಮ್ಮ, ಮಗ ಮೇಜಿನ ಸುತ್ತ ಕೂತಿದ್ದಾರೆ. ಹಾಡಿನಲ್ಲಿ ರೋಗದ ಹೆಸರೇ ಇಲ್ಲ. ಮೇಜುಬಟ್ಟೆಯ ಮೇಲೆ ಬಟ್ಟಲುಗಳಿವೆ, ಚೂರು ಜೇನು ಸಾಲುತ್ತಿಲ್ಲ, ಹಿಡಿದ ಗ್ರಹಣ ಖಂಡಗ್ರಾಸವಲ್ಲ. ಸ್ಪ್ಯಾನಿಷಿನಲ್ಲಿ ‘ನಿನ್ನನ್ನು’ ಎನ್ನುವ ‘ತೆ’ಯೂ ಚಹಾ ಎನ್ನುವ ‘ತೇ’ಯೂ ಕಿವಿಗೆ ಒಂದೇ. ನೀನು ಅಳುವುದನ್ನು ಕಂಡೆ ಎಂದು ಅಮ್ಮನಿಗೆ ಹೇಳುವ ಸಾಲು ಹಾಗೇ ಜಾರಿ ಚಹಾದ ಬಟ್ಟಲಿಗೆ ಬಂದು ಸೇರುತ್ತದೆ. ಬೇರೆ ಯಾವ ಭಾಷೆಗೂ ಇದನ್ನು ಎತ್ತಿ ಇಡಲಾಗದು. ಇಂಗ್ಲಿಷ್ ಹಾಡು ನಿಂತ ಜಾಗದಲ್ಲಿ ತುಂಬಿದ ಸರಕಲ್ಲ ಇದು.

ಅಪ್ಪ 1992ರಲ್ಲಿ ಹೋದರು. ನಾಲ್ಕು ವರ್ಷಗಳ ನಂತರ ಮಯಾಮಿಯಲ್ಲಿ, ಎಂಟಿವಿಯ ಅನ್‌ಪ್ಲಗ್ಡ್ ಕಾರ್ಯಕ್ರಮಕ್ಕಾಗಿ ಸೆರಾಟಿ ಅದನ್ನು ಮತ್ತೆ ಹಾಡಿದ. ಮಾತು ಮುಗಿದರೂ ಗಿಟಾರ್ ನಿಲ್ಲಲಿಲ್ಲ. ಬೆರಳುಗಳು ಬೇರೊಂದು ಹಾಡಿನೊಳಗೆ ಸರಿದವು. ‘ಆರ್ತೊ’ ಆಲ್ಬಮ್ಮಿನಲ್ಲಿ ಸ್ಪಿನೆಟ್ಟಾ ಹಾಡಿದ ‘ಸೆಮೆಂತೇರಿಯೊ ಕ್ಲಬ್’ ಅದು. ತನ್ನ ಅಪ್ಪನ ಹಾಡನ್ನು ಅವನು ಮುಗಿಸಿದ್ದು 1973ರ ಆ ಸ್ವರಗಳಲ್ಲಿ.